ಆಸ್ಟಿನ್ನಿನ ಡೇರೆ ಸರ್ಕಾರ

ಜಪಾನಿನ ಇತಿಹಾಸದಿಂದ ಯಾರ ಮನಸ್ಸಿಗೂ ನೋವಾಗುವುದಿಲ್ಲ ಎಂದು ಕಮಿಟಿ ಮೀಟಿಂಗಿನಲ್ಲಿ ಮೇಜು ಕುಟ್ಟಿ ಹೇಳಿದವನು ನಾನೇ. ಆ ಮೀಟಿಂಗಿನ ವರದಿ ಈಗಲೂ ನನ್ನ ಹತ್ತಿರ ಇದೆ. 'ಅಧ್ಯಕ್ಷರಾದ ಶ್ರೀ ತಿರುಮಲ ಅವರ ಸಲಹೆಯನ್ನು ಸಭೆ ಸರ್ವಾನುಮತದಿಂದ ಒಪ್ಪಿತು' ಎಂದು ಅದರಲ್ಲಿ ಬರೆದಿದೆ. ಟೆಕ್ಸಾಸಿನ ನಮ್ಮ ಒಂಟಿತಾರೆ ಕನ್ನಡ ಬಳಗದಲ್ಲಿ ಸರ್ವಾನುಮತದಿಂದ ಆದ ಕಡೆಯ ಕೆಲಸ ಅದು.

ಬಳಗ ಅಂದರೆ ಮೂರು ಊರು. ಡಲ್ಲಾಸ್ ಕಡೆ, ಪ್ಲೇನೋ, ಕ್ಯಾರಲ್ಟನ್ನಿನಲ್ಲಿ ಮೈಸೂರು–ಬೆಂಗಳೂರಿನಿಂದ ಬಂದ ನಾವು ಸಾಫ್ಟ್‌ವೇರಿನವರು. ಹ್ಯೂಸ್ಟನ್ನಿನ ಕ್ಲಿಯರ್ ಲೇಕಿನಲ್ಲಿ ಧಾರವಾಡ, ಹುಬ್ಬಳ್ಳಿಯ ಎಂಜಿನಿಯರುಗಳು. ನಡುವೆ ಆಸ್ಟಿನ್ನಿನಲ್ಲಿ ಮೂವತ್ತು ಮನೆ, ಹೆಚ್ಚಿನವರು ಉಡುಪಿ ಕಡೆಯವರು. ಅವರನ್ನು ನಾವು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಫೋಟೋ ತೆಗೆಯುವಾಗ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದೆವು.

ಎರಡು ಸಾವಿರದ ರಾಜ್ಯೋತ್ಸವಕ್ಕೆ ಚಾಲುಕ್ಯರ ನಾಟಕ ಆಡಿದ್ದೆವು. ಚಾಲುಕ್ಯ ದೊರೆ ಯುದ್ಧದಲ್ಲಿ ಬೀಳುವ ಹೊತ್ತಿಗೆ ನಮ್ಮ ಪ್ಲೇನೋದವರು ಚಪ್ಪಾಳೆ ಹೊಡೆದುಬಿಟ್ಟರು. ನಟನೆ ಚೆನ್ನಾಗಿತ್ತು ಅಂತ ಹೊಡೆದದ್ದು ಎಂದು ಆಮೇಲೆ ಎಷ್ಟು ಹೇಳಿದರೂ ಕ್ಲಿಯರ್ ಲೇಕಿನವರು ನಂಬಲಿಲ್ಲ. ಮರುವರ್ಷ ಹೊಯ್ಸಳರ ನಾಟಕ. ಈ ಸಲ ಅವರು ಚಪ್ಪಾಳೆಯನ್ನೇ ಹೊಡೆಯಲಿಲ್ಲ, ಊಟಕ್ಕೂ ನಿಲ್ಲದೆ ಹೊರಟುಹೋದರು. ಎಂಟು ನೂರು ವರ್ಷದ ಹಿಂದೆ ಸತ್ತವರ ಪರವಾಗಿ ಇಷ್ಟೊಂದು ಜನ ಟೆಕ್ಸಾಸಿನಲ್ಲಿ ಇದ್ದಾರೆ ಎಂದು ನನಗೆ ಗೊತ್ತಿರಲಿಲ್ಲ.

ಅದಕ್ಕೇ ಎರಡು ಸಾವಿರದ ಎರಡಕ್ಕೆ ಜಪಾನ್. ಅಲ್ಲಿ ನಮ್ಮ ನೆಂಟರಿಲ್ಲ, ನಮ್ಮ ಊರಿಲ್ಲ, ನಮ್ಮ ತಾಮ್ರಶಾಸನ ಇಲ್ಲ. ಪ್ಲೇನೋ ಲೈಬ್ರರಿಯಿಂದ ನಾಲ್ಕು ಪುಸ್ತಕ ತಂದು ಮೂರು ತಿಂಗಳು ಕೂತು ಬರೆದೆ. ಹಗಲು ಡೇಟಾಬೇಸ್ ಕಾಯುವವನಿಗೆ ಇಂಥ ಕೆಲಸ ಬಂದರೆ ಬಿಡುತ್ತಾನೆಯೇ? ಕಥೆ ಕೂಡ ಹಾಗಿತ್ತು. ಕ್ಯೋಟೋ ಅರಮನೆಯ ದೊಡ್ಡ ಮನುಷ್ಯರಿಗೆ ಕವಿತೆ, ಸುಗಂಧ, ಉಡುಪಿನ ಬಣ್ಣ ಇವುಗಳಲ್ಲೇ ದಿನ ಕಳೆಯುತ್ತಿತ್ತು. ಹೊಡೆದಾಟ ಕೊಳಕು ಕೆಲಸ ಎಂದು ಅದಕ್ಕೆ ಬೇರೆಯವರನ್ನು ಕರೆಸಿಕೊಂಡರು. ಹಾಗೆ ಬಂದವರು ತೈರಾ, ಮಿನಾಮೋಟೊ ಎಂಬ ಎರಡು ಕುಲ. ತೈರಾಗಳದ್ದು ಕೆಂಪು ಬಾವುಟ, ಮಿನಾಮೋಟೊಗಳದ್ದು ಬಿಳಿ. ಬಂದವರು ವಾಪಸ್ ಹೋಗಲಿಲ್ಲ, ತಮ್ಮತಮ್ಮಲ್ಲೇ ಕಚ್ಚಾಡಿದರು. ಕೆಂಪು ಬಾವುಟದವರು ಸಮುದ್ರದಲ್ಲಿ ಮುಳುಗಿದರು. ಗೆದ್ದ ಬಿಳಿಯವರು ಚಕ್ರವರ್ತಿಯನ್ನು ಏನೂ ಮಾಡಲಿಲ್ಲ, ಕ್ಯೋಟೋದಲ್ಲೇ ಮರ್ಯಾದೆಯಾಗಿ ಕೂರಿಸಿ, ಅಧಿಕಾರವನ್ನು ಮಾತ್ರ ದೂರದ ಕಾಮಾಕುರಾ ಎಂಬ ಕಡಲತಡಿಯ ಊರಿಗೆ ತೆಗೆದುಕೊಂಡು ಹೋದರು. ಆ ಯೋಧರ ಆಳ್ವಿಕೆಗೆ ಜಪಾನಿನವರು ಇಟ್ಟ ಹೆಸರಿನ ಅರ್ಥ ಡೇರೆ ಸರ್ಕಾರ. ಅದರ ಮುಖ್ಯಸ್ಥ ಶೋಗನ್. ಮೊದಲಿಗೆ ಅದು ಒಂದು ದಂಡಯಾತ್ರೆಯ ಮಟ್ಟಿಗೆ ಕೊಡುತ್ತಿದ್ದ ಬಿರುದು, ಕೆಲಸ ಮುಗಿದರೆ ಬಿರುದೂ ಮುಗಿಯಬೇಕು. ಈ ಸಲ ಅದು ಏಳು ನೂರು ವರ್ಷ ಮುಗಿಯಲಿಲ್ಲ.

ಪಾತ್ರ ಹಂಚುವುದು ಸುಲಭವಾಯಿತು. ನಮ್ಮವರು ಕೆಂಪು, ಹ್ಯೂಸ್ಟನ್ನಿನವರು ಬಿಳಿ. ನಾನು ನಿವೃತ್ತ ಚಕ್ರವರ್ತಿ: ತಲೆ ಬೋಳಿಸಿಕೊಂಡು ಸನ್ಯಾಸಿಯ ವೇಷದಲ್ಲಿ ಕೂತು, ಎರಡೂ ಕುಲವನ್ನು ಒಂದರ ಮೇಲೊಂದು ಎತ್ತಿಕಟ್ಟುವ ಚಾಣಾಕ್ಷ. ನನಗೆ ತಲೆ ಬೋಳಿಸುವ ತೊಂದರೆಯೂ ಇರಲಿಲ್ಲ. ಮಿನಾಮೋಟೊ ಮುಖ್ಯಸ್ಥನ ಪಾತ್ರ ದಾನಪ್ಪನಿಗೆ.

ದಾನಪ್ಪನ ವಿಷಯ ಸ್ವಲ್ಪ ಹೇಳಬೇಕು. ಆರ್ಲಿಂಗ್ಟನ್ನಿನಲ್ಲಿ ಎಂ.ಎಸ್. ಓದುವಾಗ ನಾವಿಬ್ಬರೂ ಎರಡು ವರ್ಷ ಒಂದೇ ರೂಮಿನಲ್ಲಿದ್ದವರು. ನನಗೆ ಕಾರು ಓಡಿಸಲು ಕಲಿಸಿದವನು ಅವನು. ನನ್ನ ಮಗಳು ಹುಟ್ಟಿದ ದಿನ ಆಸ್ಪತ್ರೆಗೆ ಸಜ್ಜಕ ಮಾಡಿಕೊಂಡು ಬಂದವನು, ನರ್ಸಿಗೂ ತಿನ್ನಿಸಿದವನು. ಬಳಗವನ್ನು ಶುರುಮಾಡಿದ್ದೂ ನಾವಿಬ್ಬರೇ, ಕ್ಯಾರಲ್ಟನ್ನಿನ ಒಂದು ಅಪಾರ್ಟ್‌ಮೆಂಟಿನ ಹಾಲಿನಲ್ಲಿ. ಆಮೇಲೆ ಅವನು ಕ್ಲಿಯರ್ ಲೇಕಿಗೆ ಶಿಫ್ಟ್ ಆದ. ನಾಟಕದ ಕೊನೆಯ ದೃಶ್ಯ ನಮ್ಮಿಬ್ಬರದೇ ಇರಬೇಕು ಎಂದೇ ಬರೆದಿದ್ದೆ. ನಿಜ ಹೇಳಬೇಕೆಂದರೆ ಜಪಾನ್ ಒಂದು ನೆಪ. ವರ್ಷಕ್ಕೆ ಎರಡು ಸಲ ಮಾತ್ರ ಸಿಗುತ್ತಿದ್ದ ಸ್ನೇಹಿತ ತಾಲೀಮಿನ ನೆಪದಲ್ಲಾದರೂ ವಾರವಾರ ಸಿಗಲಿ ಎಂಬುದು ನನ್ನ ಆಸೆ.

ಮೊದಲ ತಾಲೀಮು ಕ್ಲಿಯರ್ ಲೇಕಿನಲ್ಲಿ, ಅವನ ಮನೆಯಲ್ಲಿ ಎಂದು ಎಲ್ಲರಿಗೂ ಇ-ಮೇಲ್ ಕಳಿಸಿದೆ. ಏಪ್ರಿಲ್ ತಿಂಗಳ ಒಂದು ಸಂಜೆ ಆಫೀಸಿನಿಂದ ಬಂದರೆ ಆನ್ಸರಿಂಗ್ ಮಷೀನಿನಲ್ಲಿ ಅವನ ಧ್ವನಿ.

"ತಿರುಮಲಾ, ನಾನೋ ದಾನಪ್ಪ. ನಮ್ಮ ಮನ್ಯಾಗ ತಾಲೀಮು ಅಂತ ಬರದೀಯಲ್ಲ, ಅದೇನ್ ನಡಿಯಂಗಿಲ್ಲ ಬಿಡು. ನಿಮ್ಮ ಮೈಸೂರ ಮಂದಿ ಯಾರೂ ಇಲ್ಲಿಗೆ ಬರಂಗಿಲ್ಲ. ನಾ ಇಲ್ಲೆ ಎಲ್ಲಾರಿಗೂ ಹೇಳೀನಿ. ನಾವ..."

ಅಷ್ಟರಲ್ಲಿ ಬೀಪ್. ನಮ್ಮ ಮಷೀನು ಒಬ್ಬೊಬ್ಬರಿಗೆ ಅರ್ಧ ನಿಮಿಷ ಮಾತ್ರ ಕೊಡುತ್ತಿತ್ತು.

ನಾನು ಅದನ್ನು ನಾಲ್ಕು ಸಲ ಹಾಕಿ ಕೇಳಿದೆ. ಬರಂಗಿಲ್ಲ. ಮೈಸೂರಿನವರು ಯಾರೂ ಬರಕೂಡದು! ಅದನ್ನು ಅವನು ಅಲ್ಲಿ ಎಲ್ಲರಿಗೂ ಹೇಳಿಯೂ ಆಗಿದೆ! ನನ್ನ ಕಿವಿ ಬಿಸಿಯಾಯಿತು.

ನನ್ನ ಹೆಂಡತಿ ಗೋದಾವರಿ ಹುಳಿಗೆ ಒಗ್ಗರಣೆ ಹಾಕುತ್ತಾ, "ಫೋನ್ ಮಾಡಿ ಕೇಳ್ರೀ, ಏನು ಅಂತ" ಎಂದಳು.

"ಕೇಳೋದೇನಿದೆ? ಬಾಯಿಬಿಟ್ಟು ಹೇಳಿದಾನಲ್ಲ, ಬರೋ ಹಾಗಿಲ್ಲ ಅಂತ."

"ದಾನಪ್ಪ ಅಂಥವರಲ್ಲ."

"ಊರು ಬಿಟ್ಟು ಊರಿಗೆ ಹೋದ ಮೇಲೆ ಜನ ಬದಲಾಗ್ತಾರೆ" ಎಂದೆ. ಇತಿಹಾಸ ಓದುತ್ತಿದ್ದ ಕಾಲ ಅದು, ಮಾತು ಹಾಗೇ ಬರುತ್ತಿತ್ತು.

ಫೋನ್ ಮಾಡಲಿಲ್ಲ. ಬದಲಿಗೆ ಬಳಗದ ಇನ್ನೂರ ಹತ್ತು ಮನೆಗಳಿಗೂ ಒಂದು ಇ-ಮೇಲ್ ಕಳಿಸಿದೆ. 'ಕನ್ನಡಿಗರ ಮನೆಬಾಗಿಲನ್ನು ಕನ್ನಡಿಗರಿಗೇ ಮುಚ್ಚುವ ಸಂಸ್ಕೃತಿ ನಮ್ಮದಲ್ಲ' ಎಂದು ಶುರುವಾಗಿ, ಮೈಸೂರಿನವರು ಯಾರೂ ಬರಕೂಡದು ಎಂದು ದಾನಪ್ಪ ಹೇಳಿದ್ದನ್ನೂ ಸೇರಿಸಿಕೊಂಡಿದ್ದ ಆ ಪತ್ರ ಬಹಳ ಚೆನ್ನಾಗಿತ್ತು. ಪ್ಲೇನೋದಲ್ಲಿ ಕೆಲವರು ಪ್ರಿಂಟ್ ತೆಗೆದು ಇಟ್ಟುಕೊಂಡರು. ದಾನಪ್ಪನಿಂದ ಉತ್ತರ ಬರಲಿಲ್ಲ. ನೋಡಿದಿರಾ, ತಪ್ಪಿತಸ್ಥ, ಬಾಯಿ ಬಿಡುತ್ತಿಲ್ಲ ಎಂದು ನಾವು ಮಾತಾಡಿಕೊಂಡೆವು. ಕ್ಲಿಯರ್ ಲೇಕಿನ ಉಳಿದವರಿಂದ ಮಾತ್ರ ಉತ್ತರ ಬಂತು, ಹದಿನೇಳು. ಅವರ ಕನ್ನಡವೂ ಬಹಳ ಚೆನ್ನಾಗಿತ್ತು.

ಆಮೇಲೆ ನಡೆದದ್ದು ನೀವೇ ಊಹಿಸಬಹುದು. ಅವರ ತಾಲೀಮು ಅವರಿಗೆ, ನಮ್ಮ ತಾಲೀಮು ನಮಗೆ. ಮಿನಾಮೋಟೊಗಳು ಹೇಳುವ ಮಾತಿಗೆ ಇಲ್ಲಿ ತೈರಾಗಳು ಗೋಡೆ ನೋಡಿಕೊಂಡು ಉತ್ತರ ಕೊಡುತ್ತಿದ್ದರು. ಕೆಂಪು ಟೀ ಶರ್ಟ್ ಹಾಕಿಕೊಂಡು ನಮ್ಮವರು ತರಕಾರಿ ಅಂಗಡಿಗೂ ಹೋಗತೊಡಗಿದರು. ಜುಲೈ ಹೊತ್ತಿಗೆ ನಮ್ಮ ಕಡೆಯ ನಿಯೋಗ ಒಂದು ಮನೆಗೆ ಬಂದು, ಕೊನೆಯಲ್ಲಿ ತೈರಾಗಳು ಗೆಲ್ಲಬೇಕು ಎಂದಿತು.

"ಅವರು ಸೋತಿದ್ದು ಇತಿಹಾಸ ಕಣ್ರಪ್ಪಾ" ಎಂದೆ.

"ಯಾರು ಬರೆದ ಇತಿಹಾಸ ಸಾರ್?" ಎಂದರು.

ಅತ್ತ ಕ್ಲಿಯರ್ ಲೇಕಿನವರು ತೈರಾಗಳು ಮುಳುಗುವ ದೃಶ್ಯವನ್ನು ಇಪ್ಪತ್ತು ನಿಮಿಷ ಹಿಗ್ಗಿಸಬೇಕು ಎಂದು ಪಟ್ಟುಹಿಡಿದಿದ್ದರು. ನಾನು ಇಬ್ಬರಿಗೂ ನೋಡೋಣ ನೋಡೋಣ ಎನ್ನುತ್ತಿದ್ದೆ. ನನಗೆ ಅದು ಒಳಗೊಳಗೇ ಹಿಡಿಸಿತ್ತು, ಯಾಕೆ ಸುಳ್ಳು ಹೇಳಲಿ. ದಿನಕ್ಕೆ ಹತ್ತು ಫೋನು. ಎಲ್ಲರಿಗೂ ಅಧ್ಯಕ್ಷರು ಬೇಕು. ಆದರೆ ಫೋನ್ ಹೊಡೆದುಕೊಂಡಾಗೆಲ್ಲ ದಾನಪ್ಪನೇ ಇರಬಹುದು ಎಂದು ಓಡಿಹೋಗಿ ಎತ್ತುತ್ತಿದ್ದದ್ದೂ ನಿಜ.

ನಾಟಕ ಎಲ್ಲಿ ಆಡುವುದು ಎಂಬ ಪ್ರಶ್ನೆ ಬಂದಾಗ ಅವರು ಡಲ್ಲಾಸಿಗೆ ಬರಲು ತಯಾರಿಲ್ಲ, ನಾವು ಹ್ಯೂಸ್ಟನ್ನಿಗೆ ಹೋಗಲು ತಯಾರಿಲ್ಲ. ಆಗ ಆಸ್ಟಿನ್ನಿನ ನಾಗಮಣಿ ಫೋನ್ ಮಾಡಿದಳು. ಉಡುಪಿಯ ಹುಡುಗಿ, ಮೂವತ್ತೆರಡು ವರ್ಷ, ಚಿಪ್ ತಯಾರಿಸುವ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಹಿಂದಿನ ಎರಡು ರಾಜ್ಯೋತ್ಸವಗಳಲ್ಲಿ ಅವಳಿಗೆ ಪಾರ್ಕಿಂಗ್ ನೋಡಿಕೊಳ್ಳುವ ಕೆಲಸ ಕೊಟ್ಟಿದ್ದೆವು.

"ಅಂಕಲ್, ಇಲ್ಲೇ ಒಂದು ಹಾಲ್ ಉಂಟು. ಎರಡು ಕಡೆಯವರಿಗೂ ಮಧ್ಯ ಆಗ್ತದೆ. ಗಲಾಟೆ ಆಗದ ಹಾಗೆ ನಾವು ನೋಡಿಕೊಳ್ತೇವೆ. ನಮಗೆ ಒಂದು ಲೆಟರ್ ಮಾತ್ರ ಬೇಕು ಅಂಕಲ್, ಇಲ್ಲದಿದ್ರೆ ನಮ್ಮ ಮಾತು ಯಾರು ಕೇಳ್ತಾರೆ ಹೇಳಿ?"

ಪಾಪ, ಸಣ್ಣ ಊರಿನ ಹುಡುಗಿ ಎಂದುಕೊಂಡೆ. ಲೆಟರ್‌ಹೆಡ್ಡಿನಲ್ಲಿ, ಸೊಗಸಾದ ಕನ್ನಡದಲ್ಲಿ ಬರೆದುಕೊಟ್ಟೆ: 'ಉಭಯ ಪಕ್ಷಗಳ ಮನಸ್ತಾಪ ಶಮನವಾಗುವವರೆಗೆ ಸಭಾಂಗಣ, ವೇದಿಕೆ, ಆಸನ, ಭೋಜನ ಹಾಗೂ ಕಾರ್ಯಕ್ರಮಪಟ್ಟಿಯ ಸಂಪೂರ್ಣ ಅಧಿಕಾರವನ್ನು ಆಸ್ಟಿನ್ ತಾತ್ಕಾಲಿಕ ಶಿಸ್ತು ಸಮಿತಿಗೆ ವಹಿಸಲಾಗಿದೆ.' ಜಪಾನಿನ ಬಗ್ಗೆ ನಾಲ್ಕು ಪುಸ್ತಕ ಓದಿ, ಅದರ ಮೇಲೆ ಎರಡು ಗಂಟೆಯ ನಾಟಕ ಬರೆದ ಮನುಷ್ಯ ನಾನು. ಸಹಿ ಹಾಕುವಾಗ ನನಗೆ ಏನೂ ಅನ್ನಿಸಲಿಲ್ಲ.

ನವೆಂಬರಿನ ಮೊದಲ ಶನಿವಾರ ಹೋಗಿ ನೋಡಿದರೆ ಹಾಲಿನ ಮುಂದಿನ ಪಾರ್ಕಿಂಗ್ ಜಾಗದಲ್ಲಿ ಒಂದು ಬಿಳಿ ಡೇರೆ. ಅದರೊಳಗೆ ಮೂರು ಲ್ಯಾಪ್‌ಟಾಪು, ಪ್ರಿಂಟರು, ಹಳದಿ ಟೀ ಶರ್ಟ್ ಹಾಕಿದ ಹದಿನೈದು ಜನ, ಎಲ್ಲರ ಕೈಯಲ್ಲೂ ವಾಕಿ-ಟಾಕಿ. ಮಧ್ಯದಲ್ಲಿ ನಾಗಮಣಿ. ಡಲ್ಲಾಸಿನವರಿಗೆ ಮುಂಬಾಗಿಲು, ಹ್ಯೂಸ್ಟನ್ನಿನವರಿಗೆ ವೇದಿಕೆ ಪಕ್ಕದ ಹಿಂಬಾಗಿಲು. ಊಟ ಎರಡು ಪಾಳಿ. ಏನು ಕೇಳಿದರೂ ಡೇರೆಗೆ ಹೋಗಿ ಕೇಳಿ ಅನ್ನುತ್ತಿದ್ದರು. ನಾನೂ ಹೋಗಿ ಸಾಲಿನಲ್ಲಿ ನಿಂತೆ.

"ಅಂಕಲ್, ನಿಮ್ಮ ಬ್ಯಾಡ್ಜ್?"

"ನಾನು ಅಧ್ಯಕ್ಷ ಕಣಮ್ಮಾ."

"ಹೌದಲ್ವಾ" ಎಂದು ಅವಳು ನಗುತ್ತಾ ಪಟ್ಟಿ ನೋಡಿ, 'ಕಲಾವಿದರು – ಕೆಂಪು' ಎಂದು ಬರೆದ ಬ್ಯಾಡ್ಜ್ ಕೊಟ್ಟಳು. "ನಾಟಕ ಇಪ್ಪತ್ತೈದು ನಿಮಿಷ ಮಾಡಿದ್ದೇವೆ ಅಂಕಲ್. ಯುದ್ಧ ಎಲ್ಲ ತೆಗೆದಿದ್ದೇವೆ. ಯಾರು ಗೆದ್ದದ್ದು ಅಂತಲೂ ಹೇಳುವುದಿಲ್ಲ. ನಿಮ್ಮದು, ದಾನಪ್ಪ ಅಂಕಲ್‌ದು ಸೀನ್ ಇಟ್ಟಿದ್ದೇವೆ."

ಜಗಳವಾಡಲು ಬಾಯಿ ತೆರೆದವನು ಆ ಕೊನೆಯ ಮಾತು ಕೇಳಿ ಮುಚ್ಚಿಕೊಂಡೆ. ನನಗೆ ಬೇಕಾಗಿದ್ದದ್ದು ಅದೊಂದೇ.

ಪರದೆಯ ಹಿಂದೆ ದಾನಪ್ಪನನ್ನು ಏಳು ತಿಂಗಳ ಮೇಲೆ ನೋಡಿದೆ. ಕಾರಿನ ರಬ್ಬರ್ ಮ್ಯಾಟ್‌ಗಳಿಗೆ ಬಿಳಿ ಬಣ್ಣ ಬಳಿದು ಕವಚ ಮಾಡಿ ತೊಟ್ಟಿದ್ದ. ಸ್ವಲ್ಪ ಸಣ್ಣಗಾಗಿದ್ದ. ನಾನು ಗೋದಾವರಿಯ ಹಳೇ ರೇಷ್ಮೆಸೀರೆ ಸುತ್ತಿಕೊಂಡಿದ್ದೆ. ಬೇರೆ ಯಾವ ದಿನವಾದರೂ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ವೇದಿಕೆಯ ಮೇಲೆ ಅವನು ಮಂಡಿಯೂರಿದ, ನಾನು ಶೋಗನ್ ಬಿರುದು ಕೊಟ್ಟೆ, ಅವನು ನಾನು ಬರೆದ ಮಾತನ್ನೇ ಹೇಳಿದ: "ತಮ್ಮ ಅಪ್ಪಣೆ ಇಲ್ಲದೆ ಒಂದು ಹುಲ್ಲುಕಡ್ಡಿಯೂ ಅಲುಗುವುದಿಲ್ಲ, ಪ್ರಭು." ಜನ ನಕ್ಕರು. ಯಾಕೆ ನಕ್ಕರೋ ಆಗ ತಿಳಿಯಲಿಲ್ಲ. ಪರದೆ ಬಿತ್ತು.

ಅವನು ಕವಚ ಬಿಚ್ಚತೊಡಗಿದ. ನನಗೆ ತಡೆಯಲಾಗಲಿಲ್ಲ.

"ಮೈಸೂರಿನವರು ಯಾರೂ ನಿನ್ನ ಮನೆಗೆ ಬರಬಾರದು ಅಂತ ಹೇಳೋಕೆ ನಿಂಗೆ ಹೇಗೆ ಮನಸ್ಸು ಬಂತೋ?"

ದಾನಪ್ಪ ತಲೆ ಎತ್ತಿದ. "ನಾ ಎಲ್ಲೆ ಹಂಗಂದೆ?"

"ಮಷೀನಿನಲ್ಲಿ. ನನ್ನ ಕಿವಿಯಾರೆ ಕೇಳಿದೀನಿ. ಯಾರೂ ಬರಂಗಿಲ್ಲ ಅಂದೆ."

"ಹೌದು, ಅಂದೆ. ಬರಂಗಿಲ್ಲ." ಅವನು ನನ್ನ ಮುಖವನ್ನೇ ನೋಡುತ್ತಿದ್ದ. "ಐದು ತಾಸಿನ ಹಾದಿ. ಸಣ್ಣ ಹುಡುಗರನ್ನ ಕಟ್ಟಿಕೊಂಡು ಅಷ್ಟು ದೂರ ಯಾರ್ ಬರ್ತಾರ? ಬರಂಗಿಲ್ಲ. ಅದಕ್ಕ ನಾವ ಪ್ಲೇನೋಕ್ಕ ಬರ್ತೇವಿ, ಎಲ್ಲಾರಿಗೂ ಹೇಳೀನಿ, ಗೋದಾವರಿ ವೈನಿಗೆ ಅಡಗಿ ಮಾಡಬ್ಯಾಡ ಅನ್ನು, ರೊಟ್ಟಿ ನಾವ ತರ್ತೇವಿ ಅಂದೆ. ಅದು ಕೇಳಿಸಲಿಲ್ಲೇನು?"

ನಾನು ಅಲ್ಲೇ ಇದ್ದ ಸಿಂಹಾಸನದ ಮೇಲೆ ಕೂತುಬಿಟ್ಟೆ. ಎರಡು ವರ್ಷ ಒಂದೇ ರೂಮಿನಲ್ಲಿ ಮಲಗಿದವನು ನಾನು. ಇವತ್ತ ಮಳಿ ಬರಂಗಿಲ್ಲ ಎಂದು ಅವನು ಕಿಟಕಿಯ ಹತ್ತಿರ ನಿಂತು ದಿನಾ ಬೆಳಿಗ್ಗೆ ಹೇಳುತ್ತಿದ್ದ. ಮಳೆಗೆ ನಿಷೇಧ ಹಾಕುತ್ತಿದ್ದಾನೆ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಅವರ ಕಡೆ ಬರಂಗಿಲ್ಲ ಅಂದರೆ ಬರುವುದಿಲ್ಲ, ಅಷ್ಟೇ. ನಮ್ಮ ಕಡೆ ಅದು ಬರಕೂಡದು. ಇದು ಗೊತ್ತಿಲ್ಲದ ಕನ್ನಡಿಗನಲ್ಲ ನಾನು. ಗೊತ್ತಿದ್ದೂ ಮರೆತೆ. ಅವನು ಆಡಿದ ಮಾತನ್ನು ಅವನ ಕನ್ನಡದಲ್ಲಿ ಕೇಳದೆ ನನ್ನ ಕನ್ನಡದಲ್ಲಿ ಕೇಳಿದೆ.

"ಇರು, ಈಗಲೇ ಮೈಕಿನಲ್ಲಿ ಎಲ್ಲರ ಎದುರಿಗೂ ಹೇಳ್ತೀನಿ, ತಪ್ಪು ನಂದು ಅಂತ" ಎಂದು ಎದ್ದು ಸೀರೆ ಎತ್ತಿಕಟ್ಟಿಕೊಂಡು ಡೇರೆಗೆ ಓಡಿದೆ.

ನಾಗಮಣಿ ಸಮಾಧಾನವಾಗಿ ಕೇಳಿಸಿಕೊಂಡಳು. ಮತ್ತೆ ಪಟ್ಟಿ ನೋಡಿದಳು. "ಸ್ಲಾಟ್ ಇಲ್ಲ ಅಂಕಲ್."

"ಎರಡು ನಿಮಿಷ. ಜಗಳ ಮುಗಿಯಿತು ಅಂತ ಹೇಳಬೇಕು, ಅಷ್ಟೇ."

"ಮುಗಿಯಿತಾ ಇಲ್ಲವಾ ಅಂತ ಸಮಿತಿ ಕೂತು ತೀರ್ಮಾನ ಮಾಡ್ಬೇಕಾಗ್ತದೆ. ಮುಂದಿನ ವರ್ಷಕ್ಕೂ ಹಾಲ್ ಬುಕ್ ಮಾಡಿ ಆಗಿದೆ ಅಲ್ವಾ."

"ಅದೊಂದು ಮಾತಿನ ತಪ್ಪು ಕಣಮ್ಮಾ! ಬರಂಗಿಲ್ಲ ಅಂದ್ರೆ..."

"ಗೊತ್ತುಂಟು ಅಂಕಲ್" ಎಂದಳು. "ನಿಮ್ಮ ಇ-ಮೇಲ್ ಓದಿದ ದಿನವೇ ದಾನಪ್ಪ ಅಂಕಲ್ ಏನು ಹೇಳಿರಬಹುದು ಅಂತ ಗೊತ್ತಾಯ್ತು. ನಾವು ಎರಡೂ ಕಡೆಯವರಲ್ಲ, ನಮಗೆ ಎರಡೂ ಕನ್ನಡ ಪಾಠ ಕಲಿತ ಹಾಗೆ ಕಲಿತು ಗೊತ್ತು."

"ಮತ್ತೆ ಹೇಳಲಿಲ್ಲ ಯಾಕೆ?"

"ನೀವು ಕೇಳಲಿಲ್ಲ" ಎಂದು ಅವಳು ಪ್ರಿಂಟರಿಗೆ ಕಾಗದ ತುಂಬಿಸತೊಡಗಿದಳು. ಅವಳ ಧ್ವನಿಯಲ್ಲಿ ಸಿಟ್ಟಾಗಲಿ ವ್ಯಂಗ್ಯವಾಗಲಿ ಇರಲಿಲ್ಲ. ಅದು ಇನ್ನೂ ಕಷ್ಟವಾಯಿತು.

ವಾಪಸ್ ಬಂದೆ. ದಾನಪ್ಪ ಮ್ಯಾಟ್‌ಗಳನ್ನು ಒಂದರ ಮೇಲೊಂದು ಜೋಡಿಸಿ ಹಗ್ಗ ಕಟ್ಟುತ್ತಿದ್ದ. ಅವರ ಪಾಳಿಯ ಊಟ ಮುಗಿದಿತ್ತು, ಹ್ಯೂಸ್ಟನ್ನಿನ ವ್ಯಾನ್ ಹಿಂಬಾಗಿಲಲ್ಲಿ ಸ್ಟಾರ್ಟ್ ಆಗಿ ನಿಂತಿತ್ತು.

"ಮೈಕ್ ಕೊಡ್ತಿಲ್ಲ" ಎಂದೆ.

"ಮೈಕ್ ಯಾಕ ಬೇಕಿತ್ತು? ನಾ ಇಲ್ಲೇ ಅದೀನಲ್ಲ."

"ತಪ್ಪಾಯ್ತು ಕಣೋ. ಒಂದು ಶಬ್ದ ಬೇರೆ ಥರ ಕೇಳಿಸಿಬಿಡ್ತು."

"ಶಬ್ದದ್ದೇನ್ ಬಿಡು, ಅದು ಯಾರಿಗರೆ ಆಗ್ತದ." ಅವನು ಹಗ್ಗದ ಗಂಟನ್ನೇ ನೋಡುತ್ತಾ ಹೇಳಿದ. "ಆದ್ರ ಅರ್ಧ ನಿಮಿಷ ಕೇಳಿ ನನ್ನ ಬಗ್ಗೆ ಅದನ್ನ ನಂಬಿದೀಯಲ್ಲೋ ತಿರುಮಲಾ. ಹದಿಮೂರು ವರ್ಷ ನನ್ನ ಕಂಡಾವ. ಇನ್ನೂರ ಹತ್ತು ಮನಿಗೆ ಬರದಿ, ನನಗೊಂದು ಫೋನ್ ಮಾಡಲಿಲ್ಲ. ನಾ ಕಾಯಕೋತ ಕುಂತಿದ್ದೆ. ಇವತ್ತ ಮಾಡ್ತಾನ, ನಾಳೆ ಮಾಡ್ತಾನ ಅಂತ."

ಅವನೂ ಕಾದಿದ್ದ. ನಾನು ಪ್ಲೇನೋದಲ್ಲಿ ಫೋನಿಗೆ ಓಡುತ್ತಿದ್ದಾಗ ಅವನು ಕ್ಲಿಯರ್ ಲೇಕಿನಲ್ಲಿ ಫೋನಿನ ಪಕ್ಕ ಕೂತಿದ್ದ.

ಅವನು ಗಂಟು ಎತ್ತಿಕೊಂಡು ಹಿಂಬಾಗಿಲ ಕಡೆ ನಡೆದ. ಅಲ್ಲಿ ಬಾಗಿಲನ್ನು ಬಿಡದೆ ಒಂದು ಕೈಯಲ್ಲಿ ತೆರೆದು ಹಿಡಿದುಕೊಂಡು ನಿಂತ. ನಾನು ಬರುತ್ತೇನೆ ಎಂದು ಹಿಡಿದದ್ದು ಅದು. ಇದನ್ನು ಯಾವ ಕನ್ನಡದಲ್ಲಿ ಕೇಳಿದರೂ ಬೇರೆ ಅರ್ಥವಿಲ್ಲ.

ಎರಡು ಹೆಜ್ಜೆ ಹಾಕಿದೆ. ಅಲ್ಲಿಂದ ಹಾಲು ಪೂರ್ತಿ ಕಾಣುತ್ತಿತ್ತು. ಕೆಂಪು ಟೀ ಶರ್ಟಿನ ನಮ್ಮವರು ನೂರೈವತ್ತು ಜನ ಮುಂಬಾಗಿಲ ಬಳಿ ಗುಂಪುಗೂಡಿ ನಮ್ಮ ಕಡೆಯೇ ನೋಡುತ್ತಿದ್ದರು. ಅಧ್ಯಕ್ಷರು ಹ್ಯೂಸ್ಟನ್ನಿನವರ ಬಾಗಿಲಿನಿಂದ, ಅದೂ ಸೀರೆ ಉಟ್ಟುಕೊಂಡು, ದಾನಪ್ಪನ ಹಿಂದೆ ಹೋದರು ಎಂದು ನಾಳೆ ಪ್ಲೇನೋದಲ್ಲೆಲ್ಲ ಸುದ್ದಿಯಾಗುತ್ತದೆ. ಪಕ್ಕದಲ್ಲಿ ನಿಂತಿದ್ದ ಹಳದಿ ಟೀ ಶರ್ಟಿನ ದಂತವೈದ್ಯರೊಬ್ಬರು ನನ್ನ ಬ್ಯಾಡ್ಜ್ ನೋಡಿ, "ಕೆಂಪಿನವರಿಗೆ ಆ ಬಾಗಿಲು ಅಂಕಲ್. ಆದ್ರೂ ನೀವು ಹೋಗುವುದಿದ್ರೆ ಹೋಗಿ, ನಾನು ನೋಡ್ಲಿಲ್ಲ ಅಂತ ಹೇಳ್ತೇನೆ" ಎಂದು ಆಚೆ ತಿರುಗಿ ನಿಂತರು.

ನಾನು ನಿಂತೇ ಇದ್ದೆ. ದಾನಪ್ಪ ಇನ್ನೂ ಸ್ವಲ್ಪ ಹೊತ್ತು ಬಾಗಿಲು ಹಿಡಿದುಕೊಂಡಿದ್ದ. ಆಮೇಲೆ ಬಿಟ್ಟ. ವ್ಯಾನಿನ ಸದ್ದು ದೂರವಾಗುವವರೆಗೆ ಕಾದು, ಸೀರೆ ಸರಿಮಾಡಿಕೊಂಡು, ಮುಂಬಾಗಿಲಿನ ಕಡೆ ನಡೆದೆ. ಅಧ್ಯಕ್ಷರು ಬಿಟ್ಟುಕೊಡಲಿಲ್ಲ ಎಂದು ನಮ್ಮವರು ಜೋರಾಗಿ ಚಪ್ಪಾಳೆ ತಟ್ಟಿದರು. ನಾನು ಎಲ್ಲರಿಗೂ ಕೈ ಮುಗಿದೆ.